ನೌಕೆ ತಾನೇ ಯೋಚಿಸುವಾಗ ನಾವು ಕೇಳಬೇಕಾದದ್ದು

ನಮಸ್ಕಾರ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ತನ್ನ ಎಂಜಿನ್ನನ್ನು ಸುಮಾರು 24 ನಿಮಿಷ ಉರಿಸಿ ಮಂಗಳನ ಕಕ್ಷೆಯನ್ನು ಸೇರುತ್ತಿದ್ದಾಗ, ಬೆಂಗಳೂರಿನಲ್ಲಿ ಕುಳಿತಿದ್ದ ವಿಜ್ಞಾನಿಗಳು ಕಾಯುವುದನ್ನು ಬಿಟ್ಟು ಬೇರೇನನ್ನೂ ಮಾಡುವಂತಿರಲಿಲ್ಲ. ಸಂಕೇತ ಭೂಮಿಯನ್ನು ಮುಟ್ಟಲು ಹನ್ನೆರಡು ನಿಮಿಷ ಬೇಕಿತ್ತು. ಸಾಲದೆಂಬಂತೆ ನೌಕೆ ನಡುವೆಯೇ ಗ್ರಹದ ಮರೆಗೆ ಸರಿದಿತ್ತು. ದೂರದ ನೌಕೆಗೆ ಸ್ವಂತ ವಿವೇಚನೆ ಬೇಕೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ವಿವೇಚನೆಯನ್ನು ನಾವು ಪರೀಕ್ಷಿಸುವುದು ಹೇಗೆ ಎಂಬುದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ರಿಮೋಟ್ ಏಜೆಂಟ್ ಎಂಬ ತಂತ್ರಾಂಶದ ಕೈಗೆ ಒಪ್ಪಿಸಲಾಯಿತು. ಎಂಜಿನಿಯರುಗಳು ಅದಕ್ಕೆ ಹೆಜ್ಜೆ ಹೆಜ್ಜೆಯ ಆದೇಶಗಳನ್ನು ಕೊಡದೆ ಗುರಿಗಳನ್ನಷ್ಟೇ ಹೇಳಿದರು. ಯೋಜನೆ ರೂಪಿಸುವುದು, ಕಾರ್ಯಗತಗೊಳಿಸುವುದು, ದೋಷ ಕಂಡರೆ ದಾರಿ ಬದಲಿಸುವುದು ಎಲ್ಲವೂ ಅದರ ಹೊಣೆಯಾಗಿತ್ತು. ಅಷ್ಟರಲ್ಲಿ ಒಂದು ಎಡವಟ್ಟಾಯಿತು: ತಂತ್ರಾಂಶದ ಭಾಗಗಳು ಒಂದಕ್ಕೊಂದು ಕಾಯುತ್ತ ಸ್ತಬ್ಧವಾಗಿ, ನಿಲ್ಲಿಸಬೇಕಾದ, ನೌಕೆಯನ್ನು ತಳ್ಳುವ ಅಯಾನ್ ಎಂಜಿನ್ ನಿಲ್ಲಲಿಲ್ಲ. ತಂಡ ಕಾರಣವನ್ನು ಬೇಗನೆ ಪತ್ತೆಹಚ್ಚಿತು, ಪ್ರಯೋಗವೂ ಗುರಿ ಮುಟ್ಟಿತು. ಆದರೆ ತಂತ್ರಾಂಶವನ್ನು ಗಣಿತದ ತರ್ಕದಿಂದ ಪರಿಶೀಲಿಸುವ ಸಂಶೋಧಕರು ಇದೇ ಬಗೆಯ ದೋಷವನ್ನು ಎರಡು ವರ್ಷ ಮುಂಚೆಯೇ ಅದೇ ತಂತ್ರಾಂಶದ ಬೇರೊಂದು ಭಾಗದಲ್ಲಿ ಕಂಡುಹಿಡಿದಿದ್ದರು. ಆ ಪರಿಶೀಲನೆ ಎಲ್ಲ ಭಾಗಗಳಿಗೂ ವಿಸ್ತರಿಸಿರಲಿಲ್ಲ.

ಇನ್ನು ಹಾರಾಟದಲ್ಲೇ ಕಲಿತು ತನ್ನನ್ನು ತಾನೇ ತಿದ್ದಿಕೊಳ್ಳುವ ನೌಕೆಯನ್ನು ಊಹಿಸಿಕೊಳ್ಳಿ: ನೆಲದ ಮೇಲೆ ನಾವು ಪರೀಕ್ಷಿಸಿದ್ದೊಂದು, ಐದು ವರ್ಷಗಳ ನಂತರ ಆಕಾಶದಲ್ಲಿ ಇರುವುದು ಇನ್ನೊಂದು. ಆದ್ದರಿಂದ ವಿದ್ಯುತ್ತು, ಭೂಮಿಯತ್ತ ಮುಖಮಾಡಿದ ಆಂಟೆನಾ, ತೊಂದರೆಯಾದಾಗ ನೌಕೆ ಸರಿಯುವ ಸುರಕ್ಷಾ ಸ್ಥಿತಿ ಇವನ್ನು ಕಾಯುವ ಒಂದು ಸಣ್ಣ ಭಾಗವನ್ನು ಕಲಿಕೆ ಎಂದಿಗೂ ಮುಟ್ಟಬಾರದು ಎನ್ನುತ್ತೇನೆ. ನೌಕೆ ತಾನು ಬದಲಿಸಿದ್ದೇನು, ಏಕೆ ಎಂಬುದನ್ನು ದಾಖಲಿಸಿ ಕಳಿಸಲೇಬೇಕು. ಅಷ್ಟಕ್ಕೆಲ್ಲ ಸಮಯವಿಲ್ಲ ಎನ್ನುವವರಿದ್ದಾರೆ. ಗ್ರಹದ ಮೇಲೆ ಇಳಿಯುವ ಕೆಲವು ನಿಮಿಷಗಳಿಗೆ ಅವರ ಮಾತು ನಿಜ, ಆದರೆ ವರ್ಷಗಟ್ಟಲೆ ಸಾಗುವ ಪಯಣಕ್ಕೆ ಅದು ಹೊಂದುವುದಿಲ್ಲ.

ದೂರದ ಅಂತರಿಕ್ಷದಲ್ಲಿರುವ ನಾಸಾದ ವಾಯೇಜರ್ 1 ನೌಕೆಯ ಒಂದು ಮೆಮೊರಿ ಚಿಪ್ 2023ರಲ್ಲಿ ಕೆಟ್ಟು ನೌಕೆ ಅರ್ಥವಿಲ್ಲದ ಸಂಕೇತಗಳನ್ನು ಕಳಿಸತೊಡಗಿದಾಗ, ಒಂದೊಂದು ಸಂದೇಶ ಹೋಗಿ ಉತ್ತರ ಬರಲು ಸುಮಾರು 45 ಗಂಟೆ ಹಿಡಿಯುತ್ತಿದ್ದರೂ ಎಂಜಿನಿಯರುಗಳು ಕೆಟ್ಟ ಭಾಗದ ಕೋಡನ್ನು ತುಂಡು ತುಂಡಾಗಿ ಬೇರೆಡೆಗೆ ಸರಿಸಿ, 2024ರ ಏಪ್ರಿಲ್‌ನಲ್ಲಿ ಅದರ ಮಾತನ್ನು ಮರಳಿ ಪಡೆದರು. 1970ರ ದಶಕದ ಆ ಕಂಪ್ಯೂಟರಿನಲ್ಲಿ ಯಾವುದು ಎಲ್ಲಿದೆ ಎಂಬುದನ್ನು ಹಳೆಯ ದಾಖಲೆಗಳಲ್ಲಿ ಹುಡುಕಿ ತಿಳಿಯಲು ಅವರಿಗೆ ಇನ್ನೂ ಸಾಧ್ಯವಿತ್ತು.