ಹಳೆಯ ಹೋಮ್ ಕಂಪ್ಯೂಟರ್‌ಗಳಿಗೆ ಸ್ಟೋರೇಜ್ ಮತ್ತು ಮೆಮೊರಿ: ಏನು ಹಾಕಬೇಕು, ಯಾವಾಗ ಹಾಕಬಾರದು

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡಲಿರುವುದು 1980ರ ದಶಕದ ಹೋಮ್ ಕಂಪ್ಯೂಟರ್‌ಗಳ ಬಗ್ಗೆ. ಮುಖ್ಯವಾಗಿ ಕಮೊಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಮಿಗಾ. ನಡುವೆ ಆಪಲ್ 2. ಇಂಥ ಯಂತ್ರ ಕೈಗೆ ಬಂದ ಕೂಡಲೇ ಬಹಳಷ್ಟು ಜನ ಕೇಳುವ ಮೊದಲ ಪ್ರಶ್ನೆ, ‘ರ‍್ಯಾಮ್ ಎಷ್ಟರವರೆಗೆ ಏರಿಸಬಹುದು?’ ಈಗಿನ ಕಂಪ್ಯೂಟರ್‌ಗಾದರೆ ಅದು ಸರಿಯಾದ ಪ್ರಶ್ನೆ. ಇಲ್ಲಿ ಹಾಗಲ್ಲ. ಕಮೊಡೋರ್ 64ಕ್ಕೆ 512 ಕೆಬಿಯ ಮೆಮೊರಿ ಕಾರ್ಟ್ರಿಜ್ ಸಿಕ್ಕಿಸಿ ಸ್ವಿಚ್ ಹಾಕಿ ನೋಡಿ; ಪರದೆಯ ಮೇಲೆ ಬರುವುದು ಅದೇ 38911 ಬೈಟ್. 64 ಕೆಬಿ ಎಂದು ನಂಬಿ ಬರೆದ ಆಟ ಆ ಹೊಸ ಮೆಮೊರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸ್ಟೋರೇಜ್ ಹಾಗಲ್ಲ, ಬದಲಿಸಿದ ಮೊದಲ ದಿನವೇ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಮೊದಲು ಪವರ್ ಸಪ್ಲೈ, ಆಮೇಲೆ ಸ್ಟೋರೇಜ್, ಬೇಕೇ ಬೇಕು ಎನ್ನಿಸಿದರೆ ಮಾತ್ರ ಮೆಮೊರಿ. ಈ ಕ್ರಮ ತಪ್ಪಿಸಿದವರೇ ಹೆಚ್ಚಾಗಿ ಚಿಪ್ ಸುಟ್ಟುಕೊಳ್ಳುವುದು.

ಪವರ್ ಸಪ್ಲೈ ಯಾಕೆ ಮೊದಲು? ಕಮೊಡೋರ್ 64ರ ಮೂಲ ಸಪ್ಲೈ 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ ಕೊಡುತ್ತದೆ. ಅದರೊಳಗಿನ 5 ವೋಲ್ಟ್ ರೆಗ್ಯುಲೇಟರ್ ಹಾಳಾಗುವಾಗ ವೋಲ್ಟೇಜ್ ಬೀಳುವ ಬದಲು ಏರಿಬಿಡುತ್ತದೆ. ಮೊದಲು ಬಲಿಯಾಗುವುದು ರ‍್ಯಾಮ್ ಚಿಪ್‌ಗಳು. ಸಪ್ಲೈಯ ಗುಂಡನೆಯ ಡಿನ್ ಪ್ಲಗ್‌ನ 5ನೇ ಪಿನ್ನು 5 ವೋಲ್ಟ್, 2ನೇ ಪಿನ್ನು ಗ್ರೌಂಡ್; ಮಲ್ಟಿಮೀಟರ್ ಇಟ್ಟಾಗ 5.2 ವೋಲ್ಟ್ ದಾಟಿದರೆ ಆ ಸಪ್ಲೈಯನ್ನು ಯಂತ್ರಕ್ಕೆ ಜೋಡಿಸಲೇಬೇಡಿ. ಖಾಲಿ ಪ್ಲಗ್‌ನಲ್ಲಿ ಸರಿಯಾಗಿ ತೋರಿಸಿತು ಎಂದು ನಿಶ್ಚಿಂತರಾಗುವ ಹಾಗೂ ಇಲ್ಲ. ಅರ್ಧ ಗಂಟೆ ಬಿಸಿಯಾದ ಮೇಲೆ ಕೈಕೊಡುವ ರೆಗ್ಯುಲೇಟರ್‌ಗಳೇ ಹೆಚ್ಚು. ಹೊಸದಾಗಿ ತಯಾರಾದ ಸಪ್ಲೈ ಹಾಕುವುದು ಒಳ್ಳೆಯದು, ಇಲ್ಲವೇ ನಡುವೆ ವೋಲ್ಟೇಜ್ ಏರಿದರೆ ಸಂಪರ್ಕ ಕಡಿಯುವ ರಕ್ಷಣಾ ಸರ್ಕ್ಯೂಟ್ ಇರಲಿ. ಸ್ಪೆಕ್ಟ್ರಮ್‌ದು 9 ವೋಲ್ಟ್, ಆದರೆ ಪ್ಲಗ್‌ನ ನಡುವಿನ ಪಿನ್ನು ನೆಗೆಟಿವ್. ಮನೆಯಲ್ಲಿರುವ ಸಾಮಾನ್ಯ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇದಕ್ಕೆ ಉಲ್ಟಾ.

ಈಗ ಸ್ಟೋರೇಜ್. ಅಂಗಡಿಯಲ್ಲಿ ಸಿಗುವ ಎಲ್ಲ ಎಸ್‌ಡಿ ಕಾರ್ಡ್ ಸಾಧನಗಳನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಇದು ಹಳೆಯ ಡ್ರೈವ್‌ನ ಪಾತ್ರವನ್ನು ಪೂರ್ತಿ ವಹಿಸುತ್ತದೆಯೇ, ಅಥವಾ ಫೈಲ್ ಎತ್ತಿ ಕೊಡುವುದಷ್ಟೇ ಇದರ ಕೆಲಸವೇ?

ಕಮೊಡೋರ್ 64ರಲ್ಲಿ ಈ ಪ್ರಶ್ನೆ ಬಹಳ ಮುಖ್ಯ. ಅದರ 1541 ಡ್ರೈವ್ ತಾನೇ ಒಂದು ಕಂಪ್ಯೂಟರ್: ಒಳಗೆ ಸ್ವಂತ 6502 ಪ್ರೊಸೆಸರ್, 2 ಕೆಬಿ ರ‍್ಯಾಮ್, 16 ಕೆಬಿ ರಾಮ್ (ROM, ಅಳಿಸಲಾಗದ ಪ್ರೋಗ್ರಾಂ ಇರುವ ಚಿಪ್). ಡಿಸ್ಕ್‌ನಲ್ಲಿ ಹಿಡಿಸುವುದು ಸುಮಾರು 170 ಕೆಬಿ. ಕಂಪ್ಯೂಟರ್‌ಗೂ ಡ್ರೈವ್‌ಗೂ ನಡುವಿನ ಸೀರಿಯಲ್ ಸಂಪರ್ಕ ಸೆಕೆಂಡಿಗೆ ಸುಮಾರು 400 ಬೈಟ್ ಮಾತ್ರ ಸಾಗಿಸುತ್ತದೆ. 40 ಕೆಬಿಯ ಪ್ರೋಗ್ರಾಂ ಲೋಡ್ ಆಗಲು ಒಂದೂವರೆ ನಿಮಿಷ ದಾಟುತ್ತದೆ. ಈ ನಿಧಾನ ತಾಳಲಾರದೆ ಆಟ ಬರೆದವರು ಫಾಸ್ಟ್ ಲೋಡರ್ ಮಾಡಿಕೊಂಡರು. ಡ್ರೈವ್‌ನ ಆ 2 ಕೆಬಿ ರ‍್ಯಾಮ್‌ಗೆ ತಮ್ಮದೇ ಕೋಡ್ ಕಳಿಸಿ, ಅಲ್ಲೇ ಓಡಿಸಿ, ಬಿಟ್‌ಗಳನ್ನು ತಮ್ಮದೇ ತಾಳದಲ್ಲಿ ಎಳೆದುಕೊಳ್ಳುವುದು ಅವರ ಉಪಾಯ.

ಎಸ್‌ಡಿ2ಐಇಸಿ ಎಂಬ ಚಿಕ್ಕ ಎಸ್‌ಡಿ ಕಾರ್ಡ್ ಸಾಧನ ಎಡವುವುದು ಇಲ್ಲೇ. ಅದರಲ್ಲಿರುವುದು ಬೇರೆ ಜಾತಿಯ ಮೈಕ್ರೋಕಂಟ್ರೋಲರ್. 6502 ಕೋಡ್ ಅದಕ್ಕೆ ಓಡಿಸಲು ಬರುವುದಿಲ್ಲ. ಹೆಸರುವಾಸಿಯಾದ ಕೆಲವು ಲೋಡರ್‌ಗಳನ್ನು ಗುರುತಿಸಿ ಅವುಗಳಂತೆ ನಡೆದುಕೊಳ್ಳುತ್ತದೆ. ಉಳಿದವು ಬಂದರೆ ಯಂತ್ರ ಕಪ್ಪು ಪರದೆ ತೋರಿಸಿ ನಿಂತುಬಿಡುತ್ತದೆ. ಒಂದೇ ಫೈಲಿನ ಆಟಗಳು, ಬೇಸಿಕ್ ಪ್ರೋಗ್ರಾಂಗಳು, ಸ್ವಂತ ಬರವಣಿಗೆ ಇಷ್ಟಕ್ಕೇ ಆದರೆ ಅದು ಸಾಕು. ಯಂತ್ರದ ಮೂಲ ರಾಮ್ ಬದಲು ವೇಗವಾಗಿ ಲೋಡ್ ಮಾಡುವ ಜಿಫಿಡಾಸ್ ರಾಮ್ ಹಾಕಿಕೊಂಡರೆ ವೇಗವೂ ಹಲವು ಪಟ್ಟು ಏರುತ್ತದೆ. ಆದರೆ ಜಿಫಿಡಾಸ್ ಹಾಕಿದ ಮೇಲೆ ಕ್ಯಾಸೆಟ್ ಕೆಲಸ ಮಾಡುವುದಿಲ್ಲ, ಟೇಪ್‌ನ ಕೋಡ್ ಇದ್ದ ಜಾಗವನ್ನೇ ಅದು ಬಳಸಿಕೊಂಡಿದೆ. ಟೇಪ್ ಬೇಕಾದವರು ಹಳೆಯ ರಾಮ್‌ಗೆ ಮರಳಲು ಸ್ವಿಚ್ ಇಟ್ಟುಕೊಳ್ಳಬೇಕು. ಎರಡು ಮೂರು ಡಿಸ್ಕ್‌ಗಳ ಆಟ, ಕಾಪಿ ರಕ್ಷಣೆ ಇರುವ ಆಟ, ಡೆಮೋ ಇವೆಲ್ಲ ಬೇಕೆಂದರೆ 1541ರ ಪ್ರೊಸೆಸರನ್ನೇ ನಕಲು ಮಾಡುವ ಸಾಧನ ಬೇಕು. ರಾಸ್‌ಬೆರಿ ಪೈ ಮೇಲೆ ಓಡುವ ಪೈ1541 ಅಥವಾ 1541 ಅಲ್ಟಿಮೇಟ್ ಕಾರ್ಟ್ರಿಜ್ ಈ ಕೆಲಸ ಮಾಡುತ್ತವೆ. ಇಷ್ಟೆಲ್ಲ ಆದಮೇಲೂ ಲೋಡ್ ಆಗದಿದ್ದರೆ ಸೀರಿಯಲ್ ಕೇಬಲ್‌ನಲ್ಲಿ ಇನ್ನೊಂದು ಡ್ರೈವ್ ಅಥವಾ ಪ್ರಿಂಟರ್ ಇದೆಯೇ ನೋಡಿ. ಲೈನ್‌ಗಳನ್ನು ತಮಗೆ ಬೇಕಾದಂತೆ ಬಳಸುವ ಲೋಡರ್‌ಗಳಿಗೆ ಮೂರನೆಯವರು ಇದ್ದರೆ ಆಗುವುದಿಲ್ಲ.

ಸ್ಪೆಕ್ಟ್ರಮ್‌ನಲ್ಲಿ ಕಥೆ ಸರಳ. 48 ಕೆಬಿ ಟೇಪ್‌ನಿಂದ ಲೋಡ್ ಆಗಲು ಐದು ನಿಮಿಷ. ಡಿವ್‌ಎಂಎಂಸಿ ಸಾಧನದಿಂದ ಒಂದೆರಡು ಸೆಕೆಂಡ್. ರಾಮ್‌ನ ಟೇಪ್ ಓದುವ ಭಾಗಕ್ಕೆ ಪ್ರೊಸೆಸರ್ ಹೋದ ಕ್ಷಣವೇ ಈ ಸಾಧನ ನಡುವೆ ನುಗ್ಗಿ ಎಸ್‌ಡಿ ಕಾರ್ಡ್‌ನಿಂದ ಡೇಟಾ ಕೊಡುತ್ತದೆ. ತಮ್ಮದೇ ಲೋಡರ್ ಬಳಸುವ ಆಟಗಳು ರಾಮ್‌ನ ಆ ಭಾಗಕ್ಕೆ ಹೋಗುವುದೇ ಇಲ್ಲ. ಅಂಥವಕ್ಕೆ ಟ್ಯಾಪ್ ಫೈಲ್ (ಟೇಪ್‌ನ ನಕಲು) ಬಿಟ್ಟು ಸ್ನ್ಯಾಪ್‌ಶಾಟ್ ಫೈಲ್ (ಲೋಡ್ ಆದಮೇಲಿನ ಮೆಮೊರಿಯ ನಕಲು) ಬಳಸಬೇಕು. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಯಂತ್ರ ಆನ್ ಇರುವಾಗ ಹಿಂಬದಿಯ ಎಡ್ಜ್ ಕನೆಕ್ಟರ್‌ನಲ್ಲಿ ಏನನ್ನೂ ಸಿಕ್ಕಿಸಬೇಡಿ, ಕೀಳಬೇಡಿ. ಪಕ್ಕದ ಪಿನ್ನುಗಳು ಒಂದಕ್ಕೊಂದು ತಾಗಿದರೆ ಒಳಗಿನ ಟಿಆರ್4 ಟ್ರಾನ್ಸಿಸ್ಟರ್ ಹೋಗುತ್ತದೆ, ಅದರ ಹಿಂದೆಯೇ ರ‍್ಯಾಮ್ ಹೋಗುತ್ತದೆ.

ಅಮಿಗಾ 500ಕ್ಕೆ ಗೊಟೆಕ್. ಇದು ಫ್ಲಾಪಿ ಡ್ರೈವ್‌ನ ಜಾಗದಲ್ಲೇ ಕೂರುವ ಯುಎಸ್‌ಬಿ ಪೆನ್‌ಡ್ರೈವ್ ಸಾಧನ. ಕಾರ್ಖಾನೆಯಿಂದ ಬಂದ ಹಾಗೇ ಹಾಕಿದರೆ ಅಮಿಗಾ ಫ್ಲಾಪಿಯ ನಕಲಾದ ಎಡಿಎಫ್ ಫೈಲ್‌ಗಳು ಅದಕ್ಕೆ ಅರ್ಥವಾಗುವುದಿಲ್ಲ. ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಬೇಕು. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರಲಿ. ಸೆಲೆಕ್ಟ್ ಜಂಪರ್ ಎಸ್0 ಸ್ಥಾನದಲ್ಲಿರಬೇಕು. ಪಿಸಿಗಳ ಡ್ರೈವ್ ಎರಡನೆಯ ವಿಳಾಸದಲ್ಲಿರುತ್ತದೆ, ಅಮಿಗಾ ತನ್ನ ಒಳಗಿನ ಡ್ರೈವನ್ನು ಮೊದಲನೆಯದರಲ್ಲಿ ಹುಡುಕುತ್ತದೆ. ಜೋಡಿಸಿದ ಮೇಲೆ ಡ್ರೈವ್ ದೀಪ ಆರದೆ ಉರಿಯುತ್ತಲೇ ಇದ್ದರೆ 34 ಪಿನ್ನಿನ ಕೇಬಲ್ ಉಲ್ಟಾ ಎಂದೇ ಅರ್ಥ. ತಿರುಗಿಸಿ ಹಾಕಿದರೆ ಸರಿಹೋಗುತ್ತದೆ, ಏನೂ ಸುಡುವುದಿಲ್ಲ. ಪವರ್ ಕೇಬಲ್ ಉಲ್ಟಾ ಆದರೆ ಮಾತ್ರ ಗೊಟೆಕ್ ಉಳಿಯುವುದಿಲ್ಲ. ಆಪಲ್ 2ರ ಡಿಸ್ಕ್ 2 ಡ್ರೈವ್‌ನಲ್ಲಿ ಕೇಬಲ್ ಇನ್ನೂ ಅಪಾಯ: 20 ಪಿನ್ನಿನ ಆ ಕನೆಕ್ಟರ್‌ಗೆ ಅಡ್ಡತಡೆ ಏನೂ ಇಲ್ಲ, ಒಂದು ಪಿನ್ನು ಪಕ್ಕಕ್ಕೆ ಸರಿದು ಕೂತರೂ ಡ್ರೈವ್ ಬೋರ್ಡ್‌ನ 74ಎಲ್‌ಎಸ್125 ಚಿಪ್ ಸುಡುತ್ತದೆ. ಎರಡೂ ತುದಿಯ ಪಿನ್ನುಗಳನ್ನು ಕಣ್ಣಾರೆ ನೋಡಿಯೇ ಸ್ವಿಚ್ ಹಾಕಿ.

ಅಮಿಗಾ 1200ರಲ್ಲಿ ಹಾರ್ಡ್‌ಡಿಸ್ಕ್ ಜೋಡಿಸುವ 44 ಪಿನ್ನಿನ ಐಡಿಇ ಕನೆಕ್ಟರ್ ಇದೆ, ಹಾಗಾಗಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಸಾದಾ ಅಡಾಪ್ಟರ್ ಮೂಲಕವೇ ಹಾರ್ಡ್‌ಡಿಸ್ಕ್ ಮಾಡಬಹುದು. ದೊಡ್ಡ ಕಾರ್ಡ್ ಕೊಳ್ಳುವ ಆಸೆ ಬೇಡ, 4 ಜಿಬಿ ಧಾರಾಳ. ಅಮಿಗಾದ ರಾಮ್‌ನಲ್ಲಿರುವ ಸಿಸ್ಟಂ ಆದ ಕಿಕ್‌ಸ್ಟಾರ್ಟ್‌ನ 3.1ರವರೆಗಿನ ಡ್ರೈವರ್ ಡಿಸ್ಕ್‌ನ ಮೇಲಿನ ಜಾಗವನ್ನು ಬೈಟ್ ಲೆಕ್ಕದಲ್ಲಿ 32 ಬಿಟ್‌ನೊಳಗೆ ಎಣಿಸುತ್ತದೆ; 4 ಜಿಬಿ ದಾಟಿದ ಕೂಡಲೇ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅಂದರೆ ಕೊನೆಯ ಪಾರ್ಟಿಷನ್‌ನಲ್ಲಿ ಬರೆದದ್ದು ಡಿಸ್ಕ್‌ನ ಆರಂಭವನ್ನೇ ಅಳಿಸುತ್ತದೆ. ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ನಡೆದು ಡಿಸ್ಕ್ ತುಂಬುತ್ತ ಬಂದಾಗ ಏಕಾಏಕಿ ಬೂಟ್ ನಿಲ್ಲುತ್ತದೆ. ದೊಡ್ಡ ಕಾರ್ಡ್ ಇದ್ದೇ ಇದ್ದರೆ ಎಲ್ಲ ಪಾರ್ಟಿಷನ್‌ಗಳನ್ನೂ ಮೊದಲ 4 ಜಿಬಿಯೊಳಗೆ ಮುಗಿಸಿ, ಉಳಿದದ್ದನ್ನು ಖಾಲಿ ಬಿಡಿ. ಇನ್ನೊಂದು ಸೆಟ್ಟಿಂಗ್ ಮ್ಯಾಕ್ಸ್‌ಟ್ರಾನ್ಸ್‌ಫರ್: ಹೆಕ್ಸ್‌ನಲ್ಲಿ 1ಎಫ್‌ಇ00 ಎಂದು ಪ್ರತಿ ಪಾರ್ಟಿಷನ್‌ಗೂ ಕೊಡಿ. ಅದು 255 ಸೆಕ್ಟರ್‌ಗೆ ಸಮ. ಅದಕ್ಕಿಂತ ದೊಡ್ಡ ತುಂಡನ್ನು ಒಂದೇ ಸಲ ಕೇಳಿದಾಗ ಹಲವು ಕಾರ್ಡ್‌ಗಳು ಸರಿಯಾಗಿ ಕೊಡುವುದಿಲ್ಲ. ಚಿಕ್ಕ ಫೈಲ್‌ಗಳೆಲ್ಲ ಸರಿ, ದೊಡ್ಡವು ಮಾತ್ರ ಕೆಟ್ಟಿವೆ ಎಂದಾದರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನು ಮೆಮೊರಿ. ಇಲ್ಲಿ ಎರಡು ಬೇರೆ ಕೆಲಸಗಳಿವೆ: ಕೆಟ್ಟ ಚಿಪ್ ಬದಲಿಸುವುದು, ಇದ್ದದ್ದನ್ನು ಹೆಚ್ಚಿಸುವುದು. ಎರಡಕ್ಕೂ ಚಿಪ್‌ನ ಪಿನ್ನುಗಳನ್ನು ತಿಳಿದಿರಲೇಬೇಕು.

ಸ್ಪೆಕ್ಟ್ರಮ್‌ನ ಕೆಳಗಿನ 16 ಕೆಬಿ ಎಂಟು 4116 ಚಿಪ್‌ಗಳಲ್ಲಿದೆ. ಈ 4116ಕ್ಕೆ ಮೂರು ವೋಲ್ಟೇಜ್ ಬೇಕು: 1ನೇ ಪಿನ್ನಿಗೆ ಮೈನಸ್ 5, 8ನೇ ಪಿನ್ನಿಗೆ 12, 9ನೇ ಪಿನ್ನಿಗೆ 5. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ ಚಿಪ್ ಒಳಗೇ ಸುಡುತ್ತದೆ. ಆದ್ದರಿಂದ ಹೊಸ 4116 ಹಾಕುವ ಮೊದಲು ಖಾಲಿ ಸಾಕೆಟ್‌ನಲ್ಲಿ ಈ ಮೂರನ್ನೂ ಅಳೆಯಿರಿ. ಇಲ್ಲದಿದ್ದರೆ ಹಳೆಯವನ್ನು ಕೊಂದ ದೋಷವೇ ಹೊಸವನ್ನೂ ಕೊಲ್ಲುತ್ತದೆ. ನಂತರ ಬಂದ 64 ಕಿಲೋಬಿಟ್‌ನ 4164 ನೋಡಲು ಅದೇ 16 ಕಾಲಿನ ಚಿಪ್, ಆದರೆ ಅದಕ್ಕೆ 5 ವೋಲ್ಟ್ ಒಂದೇ ಸಾಕು, ಅದೂ 8ನೇ ಪಿನ್ನಿಗೆ. 4116ರ ಸಾಕೆಟ್‌ಗೆ ಇದನ್ನು ಹಾಗೇ ಕೂರಿಸಿದರೆ 5 ವೋಲ್ಟ್‌ನ ಪಿನ್ನಿಗೆ 12 ವೋಲ್ಟ್ ಹೋಯಿತು, ಮುಗಿಯಿತು. ಲಾಜಿಕ್ ಚಿಪ್‌ಗಳ ಅಭ್ಯಾಸವೂ ಇಲ್ಲಿ ದಾರಿ ತಪ್ಪಿಸುತ್ತದೆ: 16 ಕಾಲಿನ ಸಾಮಾನ್ಯ ಲಾಜಿಕ್ ಚಿಪ್‌ನಲ್ಲಿ 16 ಪವರ್, 8 ಗ್ರೌಂಡ್, 4164ರಲ್ಲಿ 8 ಪವರ್, 16 ಗ್ರೌಂಡ್.

16 ಕೆಬಿ ಸ್ಪೆಕ್ಟ್ರಮನ್ನು 48 ಮಾಡುವುದಂತೂ ನಿಜಕ್ಕೂ ಪ್ರಯೋಜನದ ಕೆಲಸ, ಏಕೆಂದರೆ ಆಟಗಳಲ್ಲಿ ಹೆಚ್ಚಿನವು 48 ಕೇಳುತ್ತವೆ. ಇಷ್ಯೂ 2 ಮತ್ತು 3 ಎಂಬ ಆವೃತ್ತಿಗಳ ಬೋರ್ಡ್‌ಗಳಲ್ಲಿ ಹನ್ನೆರಡು ಚಿಪ್ ಸಾಕು: ಐಸಿ15ರಿಂದ 22ರವರೆಗೆ ಎಂಟು ಮೆಮೊರಿ, ಐಸಿ23ಕ್ಕೆ 74ಎಲ್‌ಎಸ್32, ಐಸಿ24ಕ್ಕೆ 74ಎಲ್‌ಎಸ್00, ಐಸಿ25 ಮತ್ತು 26ಕ್ಕೆ 74ಎಲ್‌ಎಸ್157. ಮೂಲತಃ ಇಲ್ಲಿ ಹಾಕುತ್ತಿದ್ದದ್ದು 4532, ಅಂದರೆ ಅರ್ಧ ಭಾಗ ಕೆಟ್ಟು ಉಳಿದರ್ಧ ಸರಿ ಇದ್ದ 64 ಕಿಲೋಬಿಟ್ ಚಿಪ್. ಯಾವ ಅರ್ಧ ಸರಿ ಎಂದು ಬೋರ್ಡ್‌ನ ತಂತಿ ಲಿಂಕ್ ಹೇಳುತ್ತದೆ. ಆದ್ದರಿಂದ ಎಂಟೂ ಒಂದೇ ಜಾತಿಯವಾಗಿರಬೇಕು. ಪೂರ್ತಿ ಸರಿ ಇರುವ 4164 ಹಾಕಿದರೆ ಈ ತಲೆನೋವಿಲ್ಲ. 150 ಅಥವಾ 200 ನ್ಯಾನೋಸೆಕೆಂಡ್‌ನವು ನಡೆಯುತ್ತವೆ. ಬೇಕಾದ್ದಕ್ಕಿಂತ ವೇಗದ ಚಿಪ್‌ನಿಂದ ತೊಂದರೆ ಇಲ್ಲ. ಗಮನಿಸಬೇಕಾದ್ದು ರಿಫ್ರೆಶ್, ಅಂದರೆ ಚಿಪ್ ತನ್ನ ಬಿಟ್ ಮರೆಯದಂತೆ ಆಗಾಗ ಮತ್ತೆ ತುಂಬುವುದು. 4164ರಲ್ಲಿ 128 ಸಾಲು ರಿಫ್ರೆಶ್ ಕೇಳುವವು, 256 ಕೇಳುವವು ಎಂದು ಎರಡು ಬಗೆ. ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್‌ನ ರಿಫ್ರೆಶ್ ಎಣಿಕೆ ಏಳು ಬಿಟ್, ಅಂದರೆ 128ಕ್ಕೇ ನಿಲ್ಲುತ್ತದೆ. 256ರ ಚಿಪ್ ಹಾಕಿದರೆ ಉಳಿದ ಅರ್ಧ ಸಾಲುಗಳು ತಮ್ಮ ಬಿಟ್ ಮರೆಯಬಹುದು. ಡೇಟಾಶೀಟ್ ನೋಡಿಯೇ ಕೊಳ್ಳಿ. ಕೆಲಸ ಮುಗಿದ ಮೇಲೆ ಬೇಸಿಕ್‌ನಲ್ಲಿ 23732ನೇ ವಿಳಾಸವನ್ನು ಪೀಕ್ ಮಾಡಿ (ಅಲ್ಲಿರುವ ಸಂಖ್ಯೆ ಓದಿ), ಅದಕ್ಕೆ 23733ರ ಪೀಕ್ ಅನ್ನು 256ರಿಂದ ಗುಣಿಸಿ ಕೂಡಿಸಿ. 65535 ಬಂದರೆ 48 ಕೆಬಿ ಸಿಕ್ಕಿತು, 32767 ಬಂದರೆ ಇನ್ನೂ 16ರಲ್ಲೇ ಇದೆ.

ಹಳೆಯ ಚಿಪ್ ಕೀಳುವಾಗ ಇಡೀ ಚಿಪ್ ಉಳಿಸಲು ಹೋಗಬೇಡಿ. ಕೆಟ್ಟದ್ದೆಂದು ಖಚಿತವಾದ ಮೇಲೆ ಕಾಲುಗಳನ್ನು ದೇಹದ ಪಕ್ಕದಲ್ಲೇ ಕತ್ತರಿಸಿ, ಒಂದೊಂದೇ ಕಾಲಿಗೆ ಸ್ವಲ್ಪ ಹೊಸ ಬೆಸುಗೆ ಸೇರಿಸಿ ಬಿಸಿ ಮಾಡಿ ಎಳೆಯಿರಿ. ಗ್ರೌಂಡ್ ಪಿನ್ನು ಶಾಖ ಹೀರುತ್ತದೆ; ಅಲ್ಲಿ ತಾಳ್ಮೆ ಬೇಕು, ಬಲ ಹಾಕಿದರೆ ತೂತಿನೊಳಗಿನ ತಾಮ್ರವೇ ಕಿತ್ತು ಬರುತ್ತದೆ. ಆ ಜಾಗಕ್ಕೆ ಒಳ್ಳೆಯ ಸಾಕೆಟ್ ಹಾಕಿ, ಚಿಪ್ಪನ್ನು ನೇರವಾಗಿ ಬೆಸೆಯಬೇಡಿ.

ಕಮೊಡೋರ್ 64ರ ಮೆಮೊರಿ ಕಾರ್ಟ್ರಿಜ್‌ಗಳು ಜಿಯೋಸ್ ಎಂಬ ಚಿತ್ರಾತ್ಮಕ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ, ಅದಕ್ಕೆಂದೇ ಬರೆದ ಪ್ರೋಗ್ರಾಂ ಇರುವವರಿಗೆ ಬೇಕು, ಉಳಿದವರಿಗೆ ಬೇಡ. ಮೂಲ 1764 ಕಾರ್ಟ್ರಿಜ್ ಜೊತೆ ಹೆಚ್ಚು ಶಕ್ತಿಯ ಪವರ್ ಸಪ್ಲೈಯನ್ನೂ ಕೊಡುತ್ತಿದ್ದರು. ಅದಿಲ್ಲದೆ ಹಳೆಯ ಸಪ್ಲೈಯಿಂದಲೇ ಓಡಿಸಬೇಡಿ.

ಅಮಿಗಾದಲ್ಲಾದರೆ ಮೆಮೊರಿ ಹಾಕಿದ್ದು ಕೈಗೆ ತಿಳಿಯುತ್ತದೆ. ಗ್ರಾಫಿಕ್ಸ್ ಚಿಪ್‌ಗಳೂ ಪ್ರೊಸೆಸರೂ ಹಂಚಿಕೊಳ್ಳುವುದು ಚಿಪ್ ರ‍್ಯಾಮ್. ಪ್ರೊಸೆಸರ್ ಒಂದಕ್ಕೇ ಸೇರಿದ್ದು ಫಾಸ್ಟ್ ರ‍್ಯಾಮ್. 1200ರಲ್ಲಿ ಬರುವುದು 2 ಎಂಬಿ ಚಿಪ್ ರ‍್ಯಾಮ್ ಮಾತ್ರ. ಫಾಸ್ಟ್ ರ‍್ಯಾಮ್ ಸೇರಿಸಿದರೆ ಪ್ರೊಸೆಸರ್ ಸರದಿ ಕಾಯುವುದು ತಪ್ಪಿ ವೇಗ ಸುಮಾರು ಎರಡರಷ್ಟಾಗುತ್ತದೆ. ಹಾರ್ಡ್‌ಡಿಸ್ಕ್‌ನಿಂದ ಫ್ಲಾಪಿ ಆಟ ಓಡಿಸುವ ಡಬ್ಲ್ಯುಎಚ್‌ಡಿಲೋಡ್‌ಗೂ ಅದರಿಂದ ಜಾಗ ಸಿಗುತ್ತದೆ. ಆದರೆ 8 ಎಂಬಿಯ ಸಾದಾ ಕಾರ್ಡ್ ಹಾಕಿದರೆ ಅದರ ವಿಳಾಸಗಳು ಪಿಸಿಎಂಸಿಐಎ ಎಂಬ ಕಾರ್ಡ್ ಕಿಂಡಿಯ ವಿಳಾಸಗಳ ಮೇಲೇ ಬೀಳುತ್ತವೆ. ಆ ಕಿಂಡಿಯಲ್ಲಿ ಕಾರ್ಡ್ ಬಳಸುವವರು ಜಂಪರ್‌ನಿಂದ 4 ಎಂಬಿಗೆ ಇಳಿಸಿಕೊಳ್ಳಬೇಕು. 500ರ ಕೆಳಭಾಗದ ಮುಚ್ಚಳದೊಳಗೆ ಕೂರುವ 512 ಕೆಬಿ ಕಾರ್ಡ್‌ನ ಹೆಸರು ಸ್ಲೋ ರ‍್ಯಾಮ್; ಅದು ಚಿಪ್ ರ‍್ಯಾಮ್‌ನಷ್ಟೇ ಕಾಯಿಸುತ್ತದೆ, ಆದರೂ 1 ಎಂಬಿ ಕೇಳುವ ಆಟಗಳಿಗೆ ಬೇಕೇ ಬೇಕು. ಹಳೆಯ ಕಾರ್ಡ್ ಸಿಕ್ಕರೆ ಹಾಕುವ ಮೊದಲು ಗಡಿಯಾರದ ಬ್ಯಾಟರಿ ನೋಡಿ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಕ್ಷಾರ ಹರಿದಿರುತ್ತದೆ, ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಬ್ಯಾಟರಿ ಕತ್ತರಿಸಿ ತೆಗೆದು, ಹಸಿರುಗಟ್ಟಿದ ಜಾಗಕ್ಕೆ ವಿನೆಗರ್ ಹಚ್ಚಿ, ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ.

ಕೊನೆಗೆ, ತೆಗೆದಿಟ್ಟ ಫ್ಲಾಪಿ ಡ್ರೈವನ್ನು ಎಸೆಯಬೇಡಿ. ನಿಮ್ಮ ಹಳೆಯ ಡಿಸ್ಕ್‌ಗಳನ್ನು ಮೊದಲು ಗ್ರೀಸ್‌ವೀಝಲ್‌ನಂಥ ಸಾಧನದಿಂದ ಫ್ಲಕ್ಸ್ ಮಟ್ಟದಲ್ಲಿ, ಅಂದರೆ ಡಿಸ್ಕ್‌ನ ಕಾಂತೀಯ ಬದಲಾವಣೆಗಳನ್ನೇ ಓದಿ, ನಕಲು ಮಾಡಿಕೊಳ್ಳಿ. ಎಡಿಎಫ್ ಫೈಲ್‌ಗೆ ಕಾಪಿ ರಕ್ಷಣೆಯ ವಿಚಿತ್ರ ಟ್ರ್ಯಾಕ್‌ಗಳನ್ನು ಹಿಡಿದಿಡಲು ಬರುವುದಿಲ್ಲ. ಪ್ರತಿ ಡಿಸ್ಕ್ ಆದಮೇಲೂ ಹೆಡ್ ಪರೀಕ್ಷಿಸಿ ಒರೆಸಿ. ಒಂದು ಡಿಸ್ಕ್‌ನಿಂದ ಕಿತ್ತುಬಂದ ಪುಡಿ ಮುಂದಿನದನ್ನು ಗೀರುತ್ತದೆ. ಹೊಸದಾಗಿ ಬರೆಯುವುದಿದ್ದರೆ 5.25 ಇಂಚಿನ ಹೈ ಡೆನ್ಸಿಟಿ ಡಿಸ್ಕ್ ಬಳಸಬೇಡಿ. ಅದರ ಲೇಪನಕ್ಕೆ ಸುಮಾರು 600 ಅರ್‌ಸ್ಟೆಡ್ (ಕಾಂತಬಲದ ಅಳತೆ) ಬೇಕು, 1541ರಂಥ ಡ್ರೈವ್ ಹೆಡ್‌ಗಳು 300ರ ಡಬಲ್ ಡೆನ್ಸಿಟಿ ಡಿಸ್ಕ್‌ಗೆ ಮಾಡಿದವು. ಫಾರ್ಮ್ಯಾಟ್ ಆದಂತೆ ಕಂಡರೂ ಬರೆದದ್ದು ನಿಲ್ಲುವುದಿಲ್ಲ. 3.5 ಇಂಚಿನಲ್ಲಿ ಈ ಅಂತರ ಅಷ್ಟು ದೊಡ್ಡದಲ್ಲ, ಹೈ ಡೆನ್ಸಿಟಿ ತೂತಿಗೆ ಟೇಪ್ ಅಂಟಿಸಿ ತಾತ್ಕಾಲಿಕ ಕೆಲಸಕ್ಕೆ ಬಳಸಬಹುದು, ಕಾದಿಡುವ ಪ್ರತಿಗೆ ಬೇಡ.