ಪಕ್ಕದ ಆಸರೆ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನಲು ಎರಡೂ ಕೈ ಬೇಕು. ಒಂದರಲ್ಲಿ ಬಿಸಿ ಮಿರ್ಚಿ, ಇನ್ನೊಂದರಲ್ಲಿ ಹಿಡಿ ಮಂಡಕ್ಕಿ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪುವ ಸ್ಥಿತಿ, ಇರುವ ನನ್ನ ಮಗಳಿಗೆ ಒಂಬತ್ತು ವರ್ಷ ತುಂಬುವ ತನಕ ಆ ಭಾಗ್ಯ ಇರಲಿಲ್ಲ. ಅವಳ ಎಡಗೈ ಸದಾ ಗಾಲಿಕುರ್ಚಿಯ ತೋಳಿನ ಮೇಲೆ ಊರಿಕೊಂಡಿರುತ್ತಿತ್ತು. ಕೈ ಎತ್ತಿದರೆ ಸಾಕು, ಮೈ ಎಡಕ್ಕೆ ವಾಲುತ್ತಿತ್ತು. ಆ ಕೈಯಲ್ಲಿ ಬಲವಿಲ್ಲ ಎಂದುಕೊಂಡಿದ್ದೆವು. ಮೈಭಾರವನ್ನೆಲ್ಲ ಅದೇ ಹೊತ್ತುಕೊಂಡಿದೆ ಎಂಬುದು ತಾಯಿಯಾದ ನನಗೂ ಹೊಳೆದಿರಲಿಲ್ಲ.

ವಾಲುವುದನ್ನು ತಡೆಯಲೆಂದು ಒಂದು ಅಂಗಡಿಯಲ್ಲಿ ಕುರ್ಚಿಯ ಎರಡೂ ಪಕ್ಕಕ್ಕೆ ಪ್ಯಾಡ್ ಹಾಕಿಸಿದೆವು. ಎರಡೂ ಒಂದೇ ಎತ್ತರ, ಕಂಕುಳಿಗೆ ತಾಗುವಷ್ಟು ಮೇಲೆ. ವಾರ ಕಳೆಯುವುದರೊಳಗೆ ಮಗಳು ಬೆರಳು ಜೋಮು ಹಿಡಿಯುತ್ತಿದೆ ಎಂದು ಅಳತೊಡಗಿದಳು. ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಹಾದುಹೋಗುವುದು ಕಂಕುಳಿನಲ್ಲೇ. ಮೈ ಅಲ್ಲಿ ಜೋತುಬೀಳಬಾರದು. ಪ್ಯಾಡಿನ ಮೇಲಂಚಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಜಾಗ ಬಿಡಬೇಕು.

ಆಮೇಲೆ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಮೊದಲು ಪ್ಯಾಡಿನ ಕಡೆ ನೋಡಲೇ ಇಲ್ಲ. ಮಗಳನ್ನು ಮಂಚದ ಮೇಲೆ ಮಲಗಿಸಿ, ಸೊಂಟ ಹಿಡಿದು, ಬೆನ್ನು ಎಷ್ಟು ನೇರಕ್ಕೆ ಬರುತ್ತದೆ ಎಂದು ಮೆಲ್ಲಗೆ ಪರೀಕ್ಷಿಸಿದರು. ಕೈಯ ಒತ್ತಿಗೆ ಬಗ್ಗುವ ಬೆನ್ನನ್ನು ಆಸರೆಯಿಂದ ತಿದ್ದಿ ಕೂರಿಸಬಹುದು. ಬಾಗಿ ಗಟ್ಟಿಯಾಗಿಬಿಟ್ಟಿರುವ ಬೆನ್ನನ್ನು ಬಲವಂತವಾಗಿ ನೇರ ಮಾಡಲು ಹೋಗಬಾರದು. ಅದು ಇರುವ ಆಕಾರಕ್ಕೇ ಆಸರೆ ಕೊಡಬೇಕು. ದಯವಿಟ್ಟು ಈ ಪರೀಕ್ಷೆಯನ್ನು ಬಲ್ಲವರಿಂದಲೇ ಮಾಡಿಸಿ.

ನಂತರ ಅವರು ಕುರ್ಚಿಯ ಸೀಟನ್ನು ಒತ್ತಿ ತೋರಿಸಿದರು. ರೆಕ್ಸಿನ್ ಜೋಲಿಯಂತೆ ಇಳಿಬಿದ್ದಿತ್ತು. "ಪಾಯ ಕುಸಿದಿರುವಾಗ ಗೋಡೆಗೆ ಊರೆ ಕೊಟ್ಟರೆ ನಿಲ್ಲುತ್ತದೆಯೇ ಅಮ್ಮಾ?" ಎಂದರು. ಸೀಟು ಜೋತಾಗ ಸೊಂಟದ ಒಂದು ಬದಿ ತಗ್ಗುತ್ತದೆ, ಅದರ ಮೇಲಿನ ಬೆನ್ನು ಬಾಗುತ್ತದೆ. ಕೆಳಗೆ ಪ್ಲೈವುಡ್ ಹಲಗೆ, ಅದರ ಮೇಲೆ ಒಳ್ಳೆಯ ದಿಂಬು, ಸೊಂಟಕ್ಕೆ ಬೆಲ್ಟ್. ಇಷ್ಟಕ್ಕೇ ಮಗಳ ವಾಲಾಟ ಅರ್ಧ ಇಳಿಯಿತು. ಬಟ್ಟೆಯ ಬೆನ್ನೊರಗಿಗೆ ಪ್ಯಾಡ್ ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು ಗಡುಸಾದ ಒರಗು ಹಾಕಿಸಿದರು.

ಪ್ಯಾಡಿನ ಸರದಿ ಬಂದದ್ದು ಆಗ. ಮಗಳ ಬೆನ್ನು ಬಲಕ್ಕೆ ಉಬ್ಬಿ ಬಾಗುತ್ತಿತ್ತು. ಹಾಗಾಗಿ ಎಡಸೊಂಟದ ಪಕ್ಕಕ್ಕೊಂದು, ಬಲಗಡೆ ಉಬ್ಬಿನ ತುಸು ಕೆಳಗೊಂದು, ಎಡಗಡೆ ಪಕ್ಕೆಲುಬಿನ ಮೇಲ್ಭಾಗಕ್ಕೊಂದು. ಮೂರು ಕಡೆಯಿಂದ ಹಿಡಿದರೇ ಮೈ ನಿಲ್ಲುವುದು. ಎರಡೂ ಬದಿಗೆ ಒಂದೇ ಎತ್ತರಕ್ಕೆ ಹಾಕಿದ್ದು ಏಕೆ ಕೆಲಸಕ್ಕೆ ಬರಲಿಲ್ಲವೆಂದು ನನಗೆ ಅರ್ಥವಾದದ್ದು ಆ ದಿನ.

ಕೊಳ್ಳುವಾಗ ಮೈಗೆ ಒಪ್ಪುವಂತೆ ಒಳಬಾಗಿದ ಪ್ಯಾಡ್ ನೋಡಿ. ಪಕ್ಕಕ್ಕೆ ಸರಿಸಬಹುದಾದದ್ದಾದರೆ ಮಗುವನ್ನು ಕುರ್ಚಿಯಿಂದ ಎತ್ತಿ ಇಳಿಸುವುದು ಸುಲಭ. ಉಸಿರಾಟಕ್ಕೆ ಬಿಗಿಯಾಗಬಾರದು. ಸಂಜೆ ಬಟ್ಟೆ ಬಿಚ್ಚಿ ಚರ್ಮ ನೋಡಿ. ಕೆಂಪು ಕಲೆ ಅರ್ಧ ಗಂಟೆಯಾದರೂ ಮಾಸದಿದ್ದರೆ ಪ್ಯಾಡ್ ಒತ್ತುತ್ತಿದೆ ಎಂದರ್ಥ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಕಾಣದಿರಬಹುದು, ಮುಟ್ಟಿ ಬಿಸಿ ನೋಡಿ.

ಖರ್ಚಿನ ಚಿಂತೆ ನನಗೆ ಗೊತ್ತು. ಅಂಗವಿಕಲರ ಸಾಧನ ಸಲಕರಣೆಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ಇದೆ. ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ನಮ್ಮ ದಾವಣಗೆರೆಯಲ್ಲೇ ಇದೆ. ಮಗುವನ್ನು ಕುರ್ಚಿಯ ಸಮೇತ ಕರೆದುಕೊಂಡು ಹೋಗಿ ವಿಚಾರಿಸಿ.

ಬೆಳೆಯುವ ಮಕ್ಕಳಿಗೆ ಒಮ್ಮೆ ಹೊಂದಿಸಿದ್ದು ಹಾಗೇ ಉಳಿಯುವುದಿಲ್ಲ. ಕಳೆದ ತಿಂಗಳು ನಮ್ಮ ಫಿಸಿಯೋಥೆರಪಿಸ್ಟ್ ಮತ್ತೆ ಬಂದು ಬಲಗಡೆಯ ಪ್ಯಾಡನ್ನು ಒಂದು ರಂಧ್ರದಷ್ಟು ಮೇಲಕ್ಕೆ ಏರಿಸಿದರು. ಅವರು ಬೋಲ್ಟ್ ಸಡಿಲಿಸುವಾಗ ಸ್ಪ್ಯಾನರ್ ಎತ್ತಿಕೊಟ್ಟವಳು ನನ್ನ ಮಗಳು, ಎಡಗೈಯಲ್ಲಿ.

ನಮಸ್ಕಾರ.