ಸಿಟ್ಟು ಬಂದ ಹೊತ್ತನ್ನು ಬರೆದಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಯಾದ ಚಂಚಲತೆಯ ತೊಂದರೆ, ಇರುವ ಮಗುವನ್ನು ಬೆಳೆಸುತ್ತಿರುವ ತಂದೆತಾಯಂದಿರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂದು ಮಾತನಾಡುತ್ತಿದ್ದೇನೆ. ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ, ಮಗು ದಿನವೂ ನುಂಗುತ್ತಿದೆ, ಶಾಲೆಯಿಂದ ಬರುವ ದೂರುಗಳೂ ಕಡಿಮೆಯಾಗಿವೆ. ಆದರೆ ಮನೆಯೊಳಗೆ ಕಿರುಚಾಟ, ಬಾಗಿಲು ಬಡಿಯುವುದು, ಕೈಗೆ ಸಿಕ್ಕಿದ್ದನ್ನು ಎಸೆಯುವುದು ನಿಂತಿಲ್ಲ. ಈ ಸಿಟ್ಟು ಮಾತ್ರೆಯಿಂದ ಬಂತೇ, ಮಾತ್ರೆ ಸಾಲದೆ ಬಂತೇ, ನಾವು ಬೆಳೆಸಿದ ರೀತಿಯಿಂದ ಬಂತೇ ಎಂದು ನೀವು ಕೇಳುತ್ತೀರಿ. ಈ ಮೂರಕ್ಕೂ ನನ್ನ ಉತ್ತರ ಒಂದೇ: ಸಿಟ್ಟು ಬಂದ ಹೊತ್ತನ್ನು ಬರೆದಿಡಿ. ಮಾತ್ರೆ ಕೊಟ್ಟ ಹೊತ್ತು, ಮಗು ಹೊಟ್ಟೆತುಂಬ ಉಂಡ ಹೊತ್ತು, ಸಿಟ್ಟು ಸಿಡಿದ ಹೊತ್ತು, ಈ ಮೂರನ್ನು ಎರಡು ವಾರ ಒಂದು ಪುಸ್ತಕದಲ್ಲಿ ಬರೆಯಿರಿ. ಅಲ್ಲಿಯವರೆಗೆ ಮಾತ್ರೆಯನ್ನು ನಿಲ್ಲಿಸಬೇಡಿ, ಹೆಚ್ಚಿಸಬೇಡಿ, ನೆರೆಯವರ ಸಲಹೆಯನ್ನು ಕೇಳಿ ಬದಲಾಯಿಸಲೂ ಬೇಡಿ.

ಮುಂದೆ ಹೋಗುವ ಮೊದಲು ಒಂದು ಅಪವಾದವನ್ನು ನಿಮ್ಮ ತಲೆಯಿಂದ ಇಳಿಸಬೇಕು. ಈ ತೊಂದರೆ ಬಹುಪಾಲು ವಂಶದಿಂದ ಬರುತ್ತದೆ. ಅತಿಯಾದ ಮುದ್ದಿನಿಂದಾಗಲಿ, ಕೊಡದೆ ಉಳಿದ ಪೆಟ್ಟಿನಿಂದಾಗಲಿ ಬರುವುದಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ನೀಡಿದಾಗಲೇ, ಬೇಗ ಕೆರಳುವ ಸ್ವಭಾವವನ್ನು ಎದ್ದು ಕಾಣುವ ಲಕ್ಷಣಗಳಲ್ಲಿ ಸೇರಿಸಿದ್ದರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ತನ್ನ ಪೂರ್ಣ ದಪ್ಪವನ್ನು ಮುಟ್ಟುವುದು ಇತರ ಮಕ್ಕಳಲ್ಲಿ ಸುಮಾರು 7.5 ವರ್ಷದ ಹೊತ್ತಿಗಾದರೆ ಈ ಮಕ್ಕಳಲ್ಲಿ ಸುಮಾರು 10.5 ವರ್ಷದ ಹೊತ್ತಿಗೆ. ಹತ್ತು ವರ್ಷದ ಮಗ ಏಳು ವರ್ಷದವನಂತೆ ರೇಗುತ್ತಾನೆ ಎಂದು ನೀವು ಹೇಳುವಾಗ, ನಿಮಗೆ ಅರಿವಿಲ್ಲದೆಯೇ ನಿಜವನ್ನು ಹೇಳುತ್ತಿರುತ್ತೀರಿ. ತಡೆಯುವ ಶಕ್ತಿ ಅವನಲ್ಲಿ ತಡವಾಗಿ ಬಲಿಯುತ್ತಿದೆ.

ಈಗ ಮಾತ್ರೆಯ ವಿಷಯ. ಹೆಚ್ಚಿನ ಮಕ್ಕಳಿಗೆ ಕೊಡುವುದು ಮೀಥೈಲ್‌ಫೆನಿಡೇಟ್. ಮಿದುಳಿನಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಕೆಲಸ ಮಾಡುವಂತೆ ಅದು ನೋಡಿಕೊಳ್ಳುತ್ತದೆ. ಅದರ ಸಾದಾ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಗಳದ್ದು 8ರಿಂದ 12 ಗಂಟೆ. ಆ ಬಳಿಕ ಅದು ಇಳಿದುಹೋಗುತ್ತದೆ. ಈ ಬಗೆಯ ಔಷಧಗಳ ಗುಣವೇ ಇದು. ಅಮೆರಿಕದ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ 1937ರಲ್ಲಿ 30 ಮಕ್ಕಳಿಗೆ ಇದೇ ಗುಂಪಿನ ಬೆನ್‌ಝೆಡ್ರಿನ್ ಕೊಟ್ಟು ವರದಿ ಬರೆದಾಗ, ಕೊಟ್ಟ ಮೊದಲ ದಿನವೇ ಪರಿಣಾಮ ಕಾಣಿಸಿತು, ನಿಲ್ಲಿಸಿದ ದಿನವೇ ಮಾಯವಾಯಿತು ಎಂದು ದಾಖಲಿಸಿದ್ದರು. ಗಡಿಯಾರಕ್ಕೆ ಕಟ್ಟುಬಿದ್ದು ಏರಿ ಇಳಿಯುವ ಔಷಧವನ್ನು ಗಡಿಯಾರ ನೋಡದೆ ಅಳೆಯುವುದು ಹೇಗೆ? ಆದ್ದರಿಂದಲೇ ಹೇಳುತ್ತಿದ್ದೇನೆ, ಹೊತ್ತನ್ನು ಬರೆದಿಡಿ.

ನಾನು ಚಿಕಿತ್ಸೆ ನೀಡಿದ ಒಬ್ಬ ಹುಡುಗನ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಅದರಲ್ಲಿ ಅಡಗಿದೆ. ಅವನಿಗೆ ಆಗ ಒಂಬತ್ತು ವರ್ಷ. ತಂದೆತಾಯಿ ಬಂದಿದ್ದು ಸಲಹೆ ಕೇಳುವುದಕ್ಕಲ್ಲ, ಮಾತ್ರೆಯನ್ನು ನಿಲ್ಲಿಸುತ್ತಿದ್ದೇವೆಂದು ತಿಳಿಸುವುದಕ್ಕೆ. ಮಾತ್ರೆ ಶುರುವಾದ ಮೇಲೆ ಮಗ ರಾಕ್ಷಸನಂತಾಗಿದ್ದಾನೆ, ತಂಗಿಯನ್ನು ತಳ್ಳಿ ಬೀಳಿಸಿದ್ದಾನೆ, ಹಿರಿಯರ ಮುಂದೆ ತಲೆಯೆತ್ತದಂತೆ ಮಾಡಿದ್ದಾನೆ ಎಂದು ತಾಯಿ ಹೇಳಿದರು. ತಂದೆ ಹೆಚ್ಚು ಮಾತನಾಡಲಿಲ್ಲ. ಅವರ ದೃಷ್ಟಿಯಲ್ಲಿ ಇದು ಶುದ್ಧ ಸೊಕ್ಕಾಗಿತ್ತು. ಎಷ್ಟು ಹೊತ್ತಿಗೆ ಹೀಗಾಗುತ್ತದೆ ಎಂದು ನಾನು ಕೇಳಿದೆ. ಇಡೀ ದಿನ ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಮನೆಯವರೆಲ್ಲರೂ ಹೀಗೆಯೇ ಹೇಳುತ್ತಾರೆ, ಏಕೆಂದರೆ ಒಂದು ಗಂಟೆಯ ರಂಪ ಇಡೀ ದಿನದ ನೆನಪನ್ನು ನುಂಗಿಹಾಕುತ್ತದೆ. ಎರಡು ವಾರ ಹೊತ್ತನ್ನು ಬರೆದು ತನ್ನಿ, ಆಮೇಲೂ ನಿಲ್ಲಿಸಬೇಕೆನಿಸಿದರೆ ಸೇರಿ ನಿರ್ಧರಿಸೋಣ ಎಂದು ಒಪ್ಪಿಸಿದೆ.

ತಾಯಿ ಹಳೆಯ ಶಾಲಾ ನೋಟ್‌ಪುಸ್ತಕವೊಂದರ ಕೊನೆಯ ಹಾಳೆಗಳಲ್ಲಿ ಬರೆದುಕೊಂಡು ಬಂದರು. ಅದರ ಒಂದು ದಿನದ ಬರಹ ಹೀಗಿತ್ತು: ಬೆಳಿಗ್ಗೆ 7.50, ಮಾತ್ರೆ, ತಿಂಡಿ ಎರಡು ತುತ್ತು. ಮಧ್ಯಾಹ್ನದ ಡಬ್ಬಿ ಮುಚ್ಚಳ ತೆಗೆಯದೆ ವಾಪಸು. 4.40, ಡೈರಿ ತೋರಿಸು ಎಂದೆ, ಚೀಲ ಎಸೆದ. 4.45, ಎಸೆದದ್ದನ್ನು ಎತ್ತು ಎಂದೆ, ಬಾಗಿಲಿಗೆ ಒದ್ದ. 5.30, ಉಂಡ. 6.00, ತಂಗಿಯ ಜೊತೆ ಆಡುತ್ತಿದ್ದಾನೆ. ಮುಂದಿನ ಹಾಳೆಗಳನ್ನು ತಿರುವಿದೆ. ದೊಡ್ಡ ರಂಪಗಳೆಲ್ಲವೂ ನಾಲ್ಕೂವರೆಗೂ ಐದೂವರೆಗೂ ನಡುವೆಯೇ ಇದ್ದವು. ಕೆಲವು ಸಾಲುಗಳು ಬೇರೆ ಕೈಬರಹದಲ್ಲಿದ್ದವು. ತಾಯಿ ಮನೆಯಲ್ಲಿಲ್ಲದ ದಿನ ತಂದೆಯೇ ಗಡಿಯಾರ ನೋಡಿ ಬರೆದಿದ್ದರು; ಸೊಕ್ಕು ಪ್ರತಿದಿನ ಒಂದೇ ಹೊತ್ತಿಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಅವರೇ ಎತ್ತಿದರು.

ಆ ಮನೆಯಲ್ಲಿ ನಡೆಯುತ್ತಿದ್ದುದು ಇಷ್ಟು. ಮಾತ್ರೆ ಹಸಿವನ್ನು ಕೊಲ್ಲುತ್ತಿದ್ದುದರಿಂದ ಹುಡುಗ ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿರುತ್ತಿದ್ದ. ಮನೆ ತಲುಪುವ ಹೊತ್ತಿಗೆ ಮಾತ್ರೆ ಇಳಿಯುತ್ತಿತ್ತು; ಇಳಿಯುವಾಗ ಕೆಲವು ಮಕ್ಕಳಲ್ಲಿ ಮೊದಲಿದ್ದುದಕ್ಕಿಂತಲೂ ಹೆಚ್ಚಿನ ಕಿರಿಕಿರಿ, ಅಳು, ಚಡಪಡಿಕೆ ಒಂದು ಗಂಟೆಯ ಮಟ್ಟಿಗೆ ಮೇಲೇಳುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಹೊಸ್ತಿಲಲ್ಲಿಯೇ ಪ್ರಶ್ನೆಗಳು ಕಾದಿರುತ್ತಿದ್ದವು. ನಾನು ಔಷಧದ ಪ್ರಮಾಣವನ್ನು ಆಗ ಮುಟ್ಟಲಿಲ್ಲ. ಬೆಳಿಗ್ಗೆ ತಿಂಡಿ ಪೂರ್ತಿಯಾದ ಮೇಲೆ ಮಾತ್ರೆ, ಸಂಜೆ ಬಂದ ಕೂಡಲೇ ಊಟ, ಊಟ ಮುಗಿದು ಅರ್ಧ ಗಂಟೆ ಕಳೆಯುವವರೆಗೆ ಒಂದು ಪ್ರಶ್ನೆಯನ್ನೂ ಕೇಳಕೂಡದು, ಇಷ್ಟೇ ನಾನು ಹೇಳಿದ್ದು. ಚೀಲ ಎಸೆಯುವುದು ವಾರಕ್ಕೊಮ್ಮೆಗೆ ಇಳಿಯಿತು. ಉಳಿದದ್ದಕ್ಕಾಗಿ ಹೆಚ್ಚು ಹೊತ್ತು ಕೆಲಸ ಮಾಡುವ ಬಗೆಯ ಮಾತ್ರೆಗೆ ಬದಲಾಯಿಸಿದೆ. ಕೆಲವು ತಿಂಗಳ ನಂತರ ಆ ಹುಡುಗನೇ ತಾಯಿಗೆ, “ಅಮ್ಮಾ, ನನ್ನ ಮಾತ್ರೆ ಮುಗೀತಾ ಇದೆ, ಈಗ ಏನೂ ಕೇಳ್ಬೇಡ” ಎಂದು ಹೇಳಿ ಒಳಗೆ ಹೋಗತೊಡಗಿದನಂತೆ. ತನ್ನ ಸಿಟ್ಟು ಬರುವ ದಾರಿಯನ್ನು ಒಂಬತ್ತು ವರ್ಷದ ಮಗುವೊಂದು ಗುರುತಿಸಿಕೊಳ್ಳುವುದನ್ನು ಕಂಡಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡಲಾರೆ.

ನಿಗದಿತ ಸಮಯದಲ್ಲಿ ಹೆಚ್ಚು ಉಳಿದಿಲ್ಲವಾದ್ದರಿಂದ ಉಳಿದ ಮಾತುಗಳನ್ನು ಬೇಗ ಹೇಳುತ್ತೇನೆ. ನಿಮ್ಮ ಪುಸ್ತಕದಲ್ಲಿ ಸಿಟ್ಟಿನ ಹೊತ್ತು ಮಾತ್ರೆಯ ನಂತರದ ಒಂದೆರಡು ಗಂಟೆಗಳಲ್ಲಿಯೇ ಬೀಳುತ್ತಿದ್ದರೆ, ಅಥವಾ ಆ ಹೊತ್ತಿನಲ್ಲಿ ಮಗು ಮಂಕಾಗಿ ಅಳುತ್ತಿದ್ದರೆ, ಪ್ರಮಾಣ ಹೆಚ್ಚಾಗಿದೆ ಅಥವಾ ಔಷಧ ಒಗ್ಗುತ್ತಿಲ್ಲ, ವೈದ್ಯರಿಗೆ ಹೇಳಿ. ಬೆಳಿಗ್ಗೆ ಮಾತ್ರೆಗೆ ಮುಂಚೆಯೇ ಬೀಳುತ್ತಿದ್ದರೆ ಅದು ಮಾತ್ರೆಯ ತಪ್ಪಲ್ಲ. ಗಡಿಯಾರಕ್ಕೂ ಸಿಟ್ಟಿಗೂ ಯಾವ ನಂಟೂ ಕಾಣದಿದ್ದರೆ ನಿದ್ದೆ, ಓದಿನ ತೊಡಕು, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿರುವುದು ಇವುಗಳ ಕಡೆಗೆ ನೋಡಬೇಕು. ಆಟೊಮೊಕ್ಸೆಟಿನ್ ಎಂಬ ಔಷಧ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಪೂರ್ಣ ಗುಣ ಕಾಣಲು ಹಲವು ವಾರಗಳೇ ಬೇಕು. ಕ್ಲೊನಿಡಿನ್ ಅಥವಾ ಗ್ವಾನ್‌ಫಸಿನ್ ಎಂಬ ಔಷಧ ಕೊಡುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸಲೇಬಾರದು, ರಕ್ತದೊತ್ತಡ ಏರಿಬಿಡುತ್ತದೆ. ಮರೆತ ಮಾತ್ರೆಯನ್ನು ಮರುದಿನ ಸೇರಿಸಿ ಎರಡಾಗಿ ಕೊಡಬೇಡಿ. ಆರು ತಿಂಗಳಿಗೊಮ್ಮೆಯಾದರೂ ಮಗುವಿನ ಎತ್ತರ, ತೂಕ, ನಾಡಿ, ರಕ್ತದೊತ್ತಡವನ್ನು ಅಳೆಸಿ. ಆರು ವರ್ಷ ತುಂಬದ ಮಕ್ಕಳಲ್ಲಿ ಔಷಧಕ್ಕಿಂತ ಮೊದಲು ತಂದೆತಾಯಿಗೆ ತರಬೇತಿ ನೀಡುವುದೇ ಒಪ್ಪಿತ ಕ್ರಮ.

ಸಿಟ್ಟು ಸಿಡಿದ ಗಳಿಗೆಯಲ್ಲಿ ಏನು ಮಾಡಬೇಕೆಂದು ಪ್ರತಿಯೊಬ್ಬರೂ ಕೇಳುತ್ತಾರೆ. ಉಪದೇಶ ಬೇಡ. ಆ ಹೊತ್ತಿನಲ್ಲಿ ಕೇಳಿಸಿಕೊಳ್ಳುವ ಮಿದುಳು ಅಲ್ಲಿ ಇರುವುದಿಲ್ಲ. ಚಿಕ್ಕ ಮಕ್ಕಳನ್ನೂ ಒಡೆಯುವ ವಸ್ತುಗಳನ್ನೂ ದೂರ ಸರಿಸಿ, ತಗ್ಗಿದ ದನಿಯಲ್ಲಿ ಒಂದೇ ವಾಕ್ಯ ಹೇಳಿ, ಸುಮ್ಮನಿರಿ. ಮಗು ಕಿರುಚಿ ಕೇಳಿದ್ದನ್ನು ಕಿರುಚಾಟ ನಿಲ್ಲಲೆಂದು ಕೊಟ್ಟುಬಿಡಬೇಡಿ. ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಿಗೇ ಹೋಗಿ ಗಮನಿಸಿ ತೋರಿಸಿಕೊಟ್ಟಿದ್ದು ಇದನ್ನೇ: ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ, ಕೊಟ್ಟರೆ ಸುಮ್ಮನಾಗುತ್ತದೆ ಎಂದು ದೊಡ್ಡವರು ಕಲಿಯುತ್ತಾರೆ, ಸುಳಿ ಬಿಗಿಯಾಗುತ್ತದೆ. ಎಲ್ಲವೂ ತಣ್ಣಗಾದ ಬಳಿಕ, ಎಸೆದದ್ದನ್ನು ಮಗುವಿನ ಕೈಯಿಂದಲೇ ಎತ್ತಿಸಿ. ಹೊಡೆಯಬೇಡಿ. ಆಮೇಲೆ ಪುಸ್ತಕ ತೆಗೆದು ಹೊತ್ತನ್ನು ಬರೆಯಿರಿ.

ಬಂಧುಗಳು, ಇಷ್ಟು ಚಿಕ್ಕ ಮಗುವಿಗೆ ಮಿದುಳಿನ ಮಾತ್ರೆಯೇ ಎಂದು ಕೇಳುತ್ತಾರೆ. ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಚಂಚಲತೆ ಮತ್ತು ಗಮನದ ಕೊರತೆಯನ್ನು ತಗ್ಗಿಸುವುದರಲ್ಲಿ ಎಚ್ಚರದಿಂದ ಹೊಂದಿಸಿದ ಔಷಧವು ವರ್ತನೆಯ ತರಬೇತಿಯೊಂದಕ್ಕಿಂತ ಮುಂದಿತ್ತು. ಎಚ್ಚರದಿಂದ ಹೊಂದಿಸಿದ ಎಂಬುದನ್ನು ಅವರಿಗೆ ಒತ್ತಿ ಹೇಳಿ. ಆ ಎಚ್ಚರದ ಅರ್ಧ ಭಾಗ ವೈದ್ಯರ ಕೈಯಲ್ಲಿದ್ದರೆ ಉಳಿದರ್ಧ ನೀವು ಬರೆಯುವ ಪುಸ್ತಕದಲ್ಲಿದೆ.

ಆದರೆ ಮಗು ಸಾಯುವ ಮಾತನ್ನಾಡಿದರೆ, ತನಗೋ ಇತರರಿಗೋ ಗಾಯ ಮಾಡಿದರೆ, ಇಲ್ಲದ್ದು ಕಾಣುತ್ತಿದೆ ಕೇಳುತ್ತಿದೆ ಎಂದರೆ, ಎದೆನೋವೆಂದು ಹೇಳಿದರೆ ಅಥವಾ ತಲೆಸುತ್ತಿ ಬಿದ್ದರೆ, ಎರಡು ವಾರ ಕಾಯುವ ಮಾತೇ ಇಲ್ಲ. ಅದೇ ಗಳಿಗೆಯಲ್ಲಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನಮಸ್ಕಾರ.